ಇಸ್ರೇಲಿಗೆ ನಿಪ್ಪಾಣಿಯ ಸೀಲು

ಕಳೆದ ತಿಂಗಳ ಮೊದಲ ಭಾನುವಾರ ನಾನು ಮಾಡಿದ ಚಹಾವನ್ನು ಯಾರೂ ಕುಡಿಯಲಿಲ್ಲ.

ಚಹಾ ಕೆಟ್ಟಿರಲಿಲ್ಲ. ಶುಂಠಿ ಜಜ್ಜಿ ಹಾಕಿದ್ದೆ. ನಿಪ್ಪಾಣಿಯ ನಮ್ಮ ಸಣ್ಣ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ವಾರಕ್ಕೊಂದು ಮನೆಯವರು ಚಹಾ ಮಾಡುವ ರೂಢಿ. ಆ ವಾರ ನನ್ನ ಪಾಳಿ. ಟ್ರೇ ಹಿಡಿದು ಹೊರಗೆ ಬಂದರೆ ಜನ ಬೆಂಚುಗಳ ಮೇಲೆ ಬಿಗಿದುಕೊಂಡು ಕೂತಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕಪ್‌ಗಳಲ್ಲಿ ಕೆನೆ ಕಟ್ಟಿತು. ಕೊನೆಗೆ ಎಲ್ಲವನ್ನೂ ಗಟಾರಕ್ಕೆ ಸುರಿದೆ.

ಕಾರಣ? ಇಸ್ರೇಲ್.

ನಗಬೇಡಿ. ನಿಪ್ಪಾಣಿಗೂ ಇಸ್ರೇಲಿಗೂ ಏನು ಸಂಬಂಧ ಎಂದು ನಾನೂ ಕೇಳಿಕೊಂಡಿದ್ದೆ. ಈಗ ಕೇಳುವುದಿಲ್ಲ.

ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮಾಡುವವಳು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವವಳು ಎಂಬುದು ನಿಮಗೆ ಗೊತ್ತು. ನಮ್ಮ ಸಭೆಯ, ಅಂದರೆ ಆ ಚರ್ಚಿನ ಜನರ, ಸೆಕ್ರೆಟರಿಯೂ ನಾನೇ ಎಂಬುದು ಗೊತ್ತಿರಲಿಕ್ಕಿಲ್ಲ. (ಯಾರೂ ಓಟು ಹಾಕಿ ಆರಿಸಿದ್ದಲ್ಲ. ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪತ್ರ ಬರೆಯಬಲ್ಲವರು ಬೇರೆ ಯಾರೂ ಸಿಗಲಿಲ್ಲ, ಅಷ್ಟೆ.) ಲೆಟರ್‌ಹೆಡ್ಡು, ಠರಾವು ಬರೆಯುವ ದಪ್ಪ ಪುಸ್ತಕ, ಸಭೆಯ ಸೀಲು, ಈ ಮೂರೂ ನನ್ನ ವಶದಲ್ಲಿವೆ.

ನಮ್ಮ ಪಾಸ್ಟರ್ ಮೂವತ್ತು ದಾಟಿದ ಉತ್ಸಾಹಿ ತರುಣ. ಅಂದು ಆರಾಧನೆ ಮುಗಿಯುತ್ತಲೇ ಮೊಬೈಲಿನಿಂದ ಒಂದು ಪತ್ರ ಓದಿದರು. ಸಂಸದರ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ಹೋಗಬೇಕಾದ ಪತ್ರ. ಭಾರತ ಎಲ್ಲ ವೇದಿಕೆಗಳಲ್ಲೂ ಇಸ್ರೇಲಿನ ಬೆನ್ನಿಗೆ ನಿಲ್ಲಬೇಕು, ಯಾವ ಷರತ್ತನ್ನೂ ಹಾಕಬಾರದು, ಜಗತ್ತಿನ ದೇಶಗಳು ಮತ ಹಾಕುವಾಗ ನಾವು ಯಾವತ್ತೂ ಅವರ ಕಡೆಗೇ ಕೈ ಎತ್ತಬೇಕು ಎಂಬುದು ಸಾರಾಂಶ. ಪತ್ರದ ಕೊನೆಯ ಸಾಲು: ‘ನಮ್ಮ ಸಭೆಯ ಸಮಸ್ತ ವಿಶ್ವಾಸಿಗಳ ಪರವಾಗಿ.’

ಆ ನಾಡನ್ನು ದೇವರೇ ಯೆಹೂದ್ಯರಿಗೆ ಕೊಟ್ಟದ್ದು, ಕೊಟ್ಟ ಮಾತನ್ನು ದೇವರು ಹಿಂದೆ ತೆಗೆದುಕೊಂಡಿಲ್ಲ ಎಂಬುದು ಪಾಸ್ಟರ್ ನಂಬಿಕೆ. ಆ ಜನರನ್ನು ಹರಸುವ ದೇಶವನ್ನು ದೇವರು ಹರಸುತ್ತಾನೆ, ಆದ್ದರಿಂದ ಇದು ರಾಜಕೀಯವಲ್ಲ, ವಿಶ್ವಾಸದ ಮಾತು ಎಂದರು. ತೋರಿಕೆಗೆ ಹೇಳಿದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಾಳೆಯೇ ಟೈಪ್ ಮಾಡಿ ಸೀಲು ಹೊಡೆದುಬಿಡಿ ಬಾಯಾರ ಎಂದರು. (ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ.)

ಆಗ ಮೂರನೆಯ ಬೆಂಚಿನಿಂದ ವಸಂತ ಗುರೂಜಿ ಎದ್ದರು. ಪ್ರೈಮರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪೆನ್ಷನ್ ಬಂದ ವರ್ಷ ಒಂದು ತಂಡದ ಜೊತೆ ಜೆರುಸಲೇಮ್, ಬೆತ್ಲೆಹೇಮ್ ನೋಡಿ ಬಂದವರು. ಅವರು ಹೇಳಿದ್ದು ಇಷ್ಟು. ದೇವರ ವಾಗ್ದಾನ ಯೇಸುವಿನಲ್ಲಿ ಎಲ್ಲ ಜನರಿಗೂ ಸಿಕ್ಕಿತು, ಅದನ್ನು ಈಗ ಮಣ್ಣಿನ ಮೇಲೆ ಗೆರೆ ಎಳೆದು ಅಳೆಯುವಂತಿಲ್ಲ. ಯೆಹೂದ್ಯರು ನೆಮ್ಮದಿಯಿಂದ ಬಾಳಲಿ, ಅವರಿಗೊಂದು ದೇಶವೂ ಇರಲಿ. ಆದರೆ ಆ ದೇಶದ ಸರ್ಕಾರ ಉಳಿದ ಸರ್ಕಾರಗಳ ಹಾಗೆಯೇ ಒಂದು ಸರ್ಕಾರ. ನ್ಯಾಯ ಮಾಡಿದರೆ ಹೊಗಳಬೇಕು, ಅನ್ಯಾಯ ಮಾಡಿದರೆ ಕೇಳಬೇಕು. ಬೆತ್ಲೆಹೇಮಿನಲ್ಲಿ ಆಲಿವ್ ಕಟ್ಟಿಗೆಯಲ್ಲಿ ಶಿಲುಬೆ ಕೆತ್ತುವ ಒಬ್ಬ ಬಡಗಿ ಗುರೂಜಿಯನ್ನು ಮನೆಗೆ ಊಟಕ್ಕೆ ಕರೆದಿದ್ದನಂತೆ.

‘ಊಟಕ್ಕ ಮೊದಲ ಅವ್ರೂ ಯೇಸುವಿನ ಹೆಸರ್ಲೆ ಪ್ರಾರ್ಥನಾ ಮಾಡಿದ್ರು. ಅರಬ್ಬಿಯೊಳಗ. ಆ ಮನಿಯವ್ರು ಪ್ಯಾಲೆಸ್ಟೀನಿನವ್ರು. ಅವ್ರ ವಿರುದ್ಧ ನನ್ನ ಹೆಸರ್ಲೆ ಪತ್ರ ಹೋಗೂದು ಬ್ಯಾಡ್ರಿ.’

ಅರಬ್ಬರಲ್ಲೂ ಕ್ರೈಸ್ತರಿದ್ದಾರೆ ಎಂಬುದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. (ನನಗೆ ಗೊತ್ತಿತ್ತು. ಆದರೆ ಅವರಿಗೂ ಒಂದು ಊಟದ ಟೇಬಲ್ ಇರುತ್ತದೆ ಎಂದು ಯೋಚಿಸಿರಲಿಲ್ಲ.)

ಗುರೂಜಿಗೆ ಉತ್ತರ ಕೊಟ್ಟವರು ಪಾಸ್ಟರ್ ಅಲ್ಲ, ಯೋಹಾನ ಕಾಕಾ.

ಯೋಹಾನ ಕಾಕಾ ನನಗೆ ರಕ್ತಸಂಬಂಧಿಯಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ನಾನು ಕಾಲೇಜಿಗೆ ಹೋಗುವಾಗ ನಿಪ್ಪಾಣಿ–ಚಿಕ್ಕೋಡಿ ಬಸ್ಸನ್ನು ಅವರೇ ಓಡಿಸುತ್ತಿದ್ದರು. ನಾನು ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಒಬ್ಬಳೇ ಮಗಳು ಎಸ್ತೇರ ನರ್ಸಿಂಗ್ ಕಲಿತು ಇಸ್ರೇಲಿನ ಹೈಫಾ ಊರಿನಲ್ಲಿ ಒಬ್ಬ ಯೆಹೂದ್ಯ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಸೈರನ್ ಕೂಗಿದರೆ ಆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡು ಕೆಳಗಿನ ಸುರಕ್ಷಿತ ಕೋಣೆಗೆ ಓಡಬೇಕು. ಆ ಹೊತ್ತಿಗೆ ಇಲ್ಲಿ ಕಾಕಾ ಮೇಲಿಂದ ಮೇಲೆ ಅವಳಿಗೆ ಫೋನ್ ಹಚ್ಚುತ್ತಿರುತ್ತಾರೆ.

‘ಗುರೂಜಿ, ನೀವು ಅಲ್ಲಿ ಒಂದ್ ಹೊತ್ತು ಊಟ ಮಾಡೀರಿ. ನನ್ನ ಮಗಳು ಅಲ್ಲೇ ಅದಾಳ’ ಎಂದರು ಕಾಕಾ.

ಗುರೂಜಿ ಕುಳಿತುಬಿಟ್ಟರು. ಚಹಾ ತಣ್ಣಗಾದದ್ದು ಆಗಲೇ.

ಮನೆಗೆ ಬಂದೆ. ಸೀಲು ಮೇಜಿನ ಮೇಲಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಅದನ್ನು ಒತ್ತಿದರೆ ಕಾಕಾ ನಿಶ್ಚಿಂತೆಯಿಂದ ಮಲಗುತ್ತಾರೆ. ಒತ್ತದಿದ್ದರೆ ಅವರ ಮಗಳ ಜೀವದ ಬಗ್ಗೆ ನನಗೆ ಚಿಂತೆಯಿಲ್ಲ ಎಂದಾಗುತ್ತದೆ. ಗಾಜಾದ ಬಂದೂಕುಧಾರಿಗಳು ಇಸ್ರೇಲಿನ ಮನೆಗಳಿಗೆ ನುಗ್ಗಿ ಜನರನ್ನು ಕೊಂದು, ಹಲವರನ್ನು ಒತ್ತೆಯಾಳಾಗಿ ಎಳೆದೊಯ್ದದ್ದನ್ನು ನಾನು ಮರೆತಿಲ್ಲ. ಗಾಜಾದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಸಾಲಾಗಿ ಮಲಗಿಸಿದ ಮಕ್ಕಳನ್ನೂ ಮರೆಯಲು ಆಗುತ್ತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ: ಷರತ್ತಿಲ್ಲದ ಬೆಂಬಲವನ್ನು ಯಾವ ಸರ್ಕಾರಕ್ಕೂ ಕೊಡಬಾರದು. ಆದರೆ ಅದು ನನ್ನ ಅಭಿಪ್ರಾಯ. ಸಭೆಯದ್ದಲ್ಲ. ಪಾಸ್ಟರ್ ಅಭಿಪ್ರಾಯವೂ ಸಭೆಯದ್ದಲ್ಲ.

ಸುಮ್ಮನೆ ಠರಾವಿನ ಪುಸ್ತಕ ತಿರುವುತ್ತ ಕುಳಿತೆ. ಹಳೆಯ ಪುಟಗಳು ಹೆಚ್ಚಾಗಿ ಮರಾಠಿಯಲ್ಲಿ, ನಡುವೆ ಕನ್ನಡ. ಹೆಂಚು ರಿಪೇರಿ, ಹಾರ್ಮೋನಿಯಂ ಖರೀದಿ, ಪ್ರಭುಭೋಜನದಲ್ಲಿ ಎಲ್ಲರೂ ಹಂಚಿಕೊಳ್ಳುವ ರೊಟ್ಟಿ–ದ್ರಾಕ್ಷಾರಸದ ಖರ್ಚು, ಸ್ಮಶಾನದ ಬೇಲಿ. ಒಂದು ಪುಟದಲ್ಲಿ ಕೈ ನಿಂತಿತು.

ಗಡಿ ಗಲಾಟೆ ಜೋರಾಗಿದ್ದ ಕಾಲದ್ದು. ನಿಪ್ಪಾಣಿ ಯಾವ ರಾಜ್ಯಕ್ಕೆ ಸೇರಬೇಕು ಎಂದು ಬಸ್ಸುಗಳಿಗೆ ಮಸಿ ಬಳಿಯುತ್ತಿದ್ದ ದಿನಗಳು. ಸಭೆಯ ಕಡೆಯಿಂದಲೂ ಒಂದು ಪತ್ರ ಹೋಗಲಿ ಎಂದು ಕೆಲವರು ಠರಾವು ತಂದಿದ್ದರು. ಕೆಳಗೆ ಅಂದಿನ ಸೆಕ್ರೆಟರಿಯ ದುಂಡು ಅಕ್ಷರ: ‘ಈ ವಿಷಯದಲ್ಲಿ ನಮ್ಮಲ್ಲಿ ಎರಡು ಮನಸ್ಸುಗಳಿವೆ, ಪ್ರಭುಭೋಜನದ ಮೇಜು ಮಾತ್ರ ಒಂದೇ ಇದೆ, ಆದ್ದರಿಂದ ಸಭೆಯ ಹೆಸರಿನಲ್ಲಿ ಪತ್ರ ಬೇಡ ಎಂದು ಯೋಹಾನ ಡ್ರೈವರ್ ಇವರು ಹೇಳಿದರು. ಎಲ್ಲರೂ ಒಪ್ಪಿದರು.’

ಯೋಹಾನ ಡ್ರೈವರ್. ನಮ್ಮ ಕಾಕಾ.

ನನಗೆ ಗೆದ್ದಷ್ಟು ಖುಷಿಯಾಯಿತು. (ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.) ಸೀಲು ಹಾಕುವುದಿಲ್ಲ ಎಂದು ಮರುದಿನ ಪಾಸ್ಟರ್‌ಗೆ ತಿಳಿಸಿ, ಬುಧವಾರ ಸಂಜೆ ಪುಸ್ತಕ ಹಿಡಿದು ಕಾಕಾನ ಮನೆಗೆ ಹೋದೆ. ಅವರ ಹೆಂಡತಿ ಮಾರ್ಥಾ ಕಾಕೂ ಒಳಗೆ ಭಕ್ರಿ, ಅಂದರೆ ಜೋಳದ ರೊಟ್ಟಿ, ಬಡಿಯುತ್ತಿದ್ದರು. ಕಾಕಾ ಮಗಳ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ನನ್ನನ್ನು ನೋಡಿ, ಬಾಯಾರು ಸೀಲು ಹೊಡಿಯಾಕ ಒಲ್ಲೆ ಅಂತಾರ, ನೀನ ಹೇಳು ಎಂದು ಮೊಬೈಲನ್ನು ನನ್ನ ಕೈಗೇ ಕೊಟ್ಟರು.

ಎಸ್ತೇರ ಸೊರಗಿದ್ದಳು. ಅವಳು ನನಗೆ ಬೈಯಲಿಲ್ಲ, ಹೊಗಳಲೂ ಇಲ್ಲ. ತಾನು ನೋಡಿಕೊಳ್ಳುವ ಅಜ್ಜಿಯ ವಿಷಯ ಹೇಳಿದಳು. ಅಜ್ಜಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಯುದ್ಧ ಪೂರ್ತಿ ಮುಗಿಸದೆ ಬಿಡಬಾರದು ಎನ್ನುವವನು. ಸಣ್ಣವನು ಯುದ್ಧ ನಿಲ್ಲಿಸಿ ಎಂದು ಬೋರ್ಡ್ ಹಿಡಿದು ಚೌಕದಲ್ಲಿ ನಿಲ್ಲುತ್ತಾನೆ. ಇಬ್ಬರೂ ಒಂದೇ ದಿನ ಬಂದರೆ ಅಜ್ಜಿ ಟಿವಿ ಬಂದ್ ಮಾಡಿಸುತ್ತಾಳೆ. ಊರಿಗೆ ವಾಪಸ್ ಬಾ ಎಂದರೆ ಎಸ್ತೇರ ಬರುವುದಿಲ್ಲ. ಈ ಮುದುಕಿಯನ್ನು ಬಿಟ್ಟು ಹೇಗೆ ಬರಲಿ ಎನ್ನುತ್ತಾಳೆ.

‘ಅಕ್ಕಾ, ಅಪ್ಪಗ ನನ್ನ ಚಿಂತಿ ಐತಿ. ಅದನ್ನ ಬರಿಬ್ಯಾಡ ಅನಬ್ಯಾಡ್ರಿ’ ಎಂದಳು. ‘ಆದ್ರ ಇಲ್ಲಿ ಒಂದ ಮನ್ಯಾಗ ಒಂದ ಮಾತಿಲ್ಲ. ಅಲ್ಲಿ ನೀವೆಲ್ಲಾರೂ ಒಂದ ಮಾತಿನವ್ರ ಅಂತ ಹೆಂಗ ಬರೀತೀರಿ?’

ಫೋನ್ ಇಟ್ಟ ಮೇಲೆ ನಾನು ಪುಸ್ತಕ ತೆರೆದು ಆ ಪುಟ ತೋರಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ಓದಿದರು. ತಮ್ಮ ಹೆಸರಿನ ಮೇಲೆ ಬೆರಳು ಇಟ್ಟರು. ಈಗ ಕರಗುತ್ತಾರೆ ಎಂದುಕೊಂಡೆ.

‘ಅವತ್ತ ನನ್ನ ಮಗಳು ಹುಟ್ಟಿದ್ದಿಲ್ಲವಾ’ ಎಂದರು.

ನನ್ನ ಗೆಲುವು ಅಲ್ಲಿಗೆ ಮುಗಿಯಿತು. ನಿಜ, ಮಸಿ ಬಳಿದ ಬಸ್ಸು ಬೇರೆ, ಮಗಳ ತಲೆಯ ಮೇಲೆ ಹಾರುವ ಕ್ಷಿಪಣಿ ಬೇರೆ. ಹೆದರಿದ ಅಪ್ಪನ ಎದುರು ಹಳೆಯ ಠರಾವು ತೋರಿಸಿ ಗೆಲ್ಲಲು ಹೊರಟ ನಾನು ಎಂಥವಳು?

ಆದರೂ ಹೇಳಬೇಕಾದ್ದನ್ನು ಹೇಳಿದೆ. ನಿಮ್ಮ ಪತ್ರವನ್ನು ನಾನೇ ಬರೆದುಕೊಡುತ್ತೇನೆ ಕಾಕಾ, ನೀವು ಹೇಳಿದ್ದರಲ್ಲಿ ಒಂದು ಶಬ್ದವನ್ನೂ ಬದಲಿಸುವುದಿಲ್ಲ, ಆದರೆ ನಿಮ್ಮ ಹೆಸರಿನಲ್ಲಿ. ಸೀಲು ಹಾಕುವುದಿಲ್ಲ. ಎರಡು ಮನಸ್ಸಿದ್ದಾಗ ಒಂದೇ ಮನಸ್ಸಿದೆ ಎಂದು ಬರೆದರೆ ಅದು ಸುಳ್ಳು. ದೇವರ ಹೆಸರಿನಲ್ಲಿ ಬರೆದರೂ ಸುಳ್ಳೇ.

‘ಹಂಗಾರ ಐತವಾರ ಬೇರೆ ಸೆಕ್ರೆಟರಿ ನೋಡ್ತೀವಿ’ ಎಂದರು ಕಾಕಾ, ನನ್ನ ಮುಖ ನೋಡದೆ.

ಎಲ್ಲರೂ ಸೇರಿ ಬೇರೆಯವರನ್ನು ಆರಿಸಿದರೆ ಸೀಲು ಅವರಿಗೆ ಕೊಡುತ್ತೇನೆ, ಅಲ್ಲಿಯವರೆಗೆ ನನ್ನ ಹತ್ತಿರವೇ ಇರುತ್ತದೆ ಎಂದೆ. ಚಪ್ಪಲಿ ಮೆಟ್ಟುವಾಗ ಮಾರ್ಥಾ ಕಾಕೂ ಬಾಗಿಲ ತನಕ ಬಂದು ಎರಡು ಬಿಸಿ ಭಕ್ರಿಯನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟರು.

ಭಾನುವಾರ ಬಂತು. ಪಾಸ್ಟರ್ ವಿಷಯ ಎತ್ತಿದರು. ಸೆಕ್ರೆಟರಿ ಒಪ್ಪದಿದ್ದರೆ ಸಭೆಯೇ ತೀರ್ಮಾನಿಸಲಿ, ಕೈ ಎತ್ತಿ ಎಂದರು. ನಾನು ಎದ್ದು ಹಳೆಯ ಠರಾವನ್ನು ಓದಿದೆ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. ಯೋಹಾನ ಕಾಕಾನ ಹೆಸರನ್ನು ಬಿಟ್ಟು ಓದಿದೆ. ಬುಧವಾರ ಅವರನ್ನು ಹಣಿಯಲು ನೋಡಿದ್ದೇ ಸಾಕಾಗಿತ್ತು.

ಓದಿ ಮುಗಿದ ಮೇಲೆ ಯಾರೂ ಕೈ ಎತ್ತಲಿಲ್ಲ. ಆಗ ಕಾಕಾ ಎದ್ದರು.

‘ಆ ಮಾತು ಹೇಳಿದಾಂವ ನಾನ. ಬಾಯಾರು ನನ್ನ ಹೆಸರು ಓದಲಿಲ್ಲ’ ಎಂದರು. ‘ನಾ ಇವತ್ತೂ ಇಸ್ರೇಲಿನ ಕಡೆಯಾಂವ. ಗುರೂಜಿ ಅಲ್ಲ. ಪತ್ರ ನಂದು. ನನ್ನ ಹೆಸರ್ಲೆ ಹೋಗ್ಲಿ.’

ಪಾಸ್ಟರ್‌ಗೆ ಬೇಸರವಾಯಿತು. ಅವರಿಗೆ ಇದು ವಿಶ್ವಾಸ ತಣ್ಣಗಾದ ಲಕ್ಷಣ. ಅದನ್ನು ಮುಚ್ಚಿಡದೆ ಹೇಳಿದರು, ಮುಂದಿನ ವಾರದ ಬೋಧನೆಯಲ್ಲೂ ಹೇಳಿದರು. ಹೇಳುವ ಹಕ್ಕು ಅವರಿಗಿದೆ. ನಾನು ಮುಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದೆ.

ಪತ್ರವನ್ನು ನಾನೇ ಬರೆದುಕೊಟ್ಟೆ. ಕಾಕಾ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಅದರಲ್ಲಿ ನಾನು ಒಪ್ಪದ ಸಾಲುಗಳು ಸಾಕಷ್ಟಿದ್ದವು. ಒಂದನ್ನೂ ತಿದ್ದಲಿಲ್ಲ. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಮಕ್ಕಳನ್ನು ಸರ್ಕಾರ ಕಾಯಬೇಕು ಎಂಬ ಸಾಲು ಪಾಸ್ಟರ್ ಓದಿದ ಪತ್ರದಲ್ಲಿ ಇರಲಿಲ್ಲ, ಕಾಕಾನ ಪತ್ರದಲ್ಲಿ ಅದೇ ಮೊದಲ ಸಾಲಾಯಿತು. ಪಾಸ್ಟರ್ ಸಹಿ ಹಾಕಿದರು, ಇನ್ನೂ ಕೆಲವರು ಹಾಕಿದರು. ನಾನು ಹಾಕಲಿಲ್ಲ. ಕಾಕಾ ಕೇಳಲೂ ಇಲ್ಲ.

ಎಲ್ಲ ಸರಿಹೋಯಿತೇ? ಇಲ್ಲ. ಕಾಕಾ ಮತ್ತು ಗುರೂಜಿ ಇನ್ನೂ ಮಾತಾಡುತ್ತಿಲ್ಲ. ಆದರೆ ಈ ತಿಂಗಳ ಪ್ರಭುಭೋಜನಕ್ಕೆ ಇಬ್ಬರೂ ಬಂದರು. ಒಬ್ಬರ ಪಕ್ಕ ಒಬ್ಬರು ಮೊಣಕಾಲೂರಿದರು. ಕಾಕಾಗೆ ಮೊಣಕಾಲು ನೋವು, ಏಳುವಾಗ ತಡಬಡಿಸಿದರು. ಗುರೂಜಿ ಮೊಣಕೈ ಚಾಚಿದರು. ಕಾಕಾ ಹಿಡಿದುಕೊಂಡು ಎದ್ದು, ತಮ್ಮ ಬೆಂಚಿಗೆ ಹೋಗಿ ಕೂತರು. ಅಷ್ಟೆ.

ಇದು ಕ್ರೈಸ್ತರ ಮನೆಯ ಜಗಳ, ನಮಗೇಕೆ ಎನ್ನಬೇಡಿ. ರಾಯಬಾಗದಲ್ಲಿ, ಅಥಣಿಯಲ್ಲಿ, ಕಾಗವಾಡದಲ್ಲಿ ದಿನಾ ಯಾರೋ ಒಬ್ಬರು ಸಮಸ್ತ ಸಮಾಜದ ಪರವಾಗಿ, ಸಮಸ್ತ ರೈತರ ಪರವಾಗಿ, ಸಮಸ್ತ ಮಹಿಳೆಯರ ಪರವಾಗಿ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ‘ಸಮಸ್ತ’ದಲ್ಲಿ ಸೇರಿದವರು ಮರುದಿನ ಪೇಪರಿನಲ್ಲಿ ಓದಿ, ತಮ್ಮ ಅಭಿಪ್ರಾಯ ಏನೆಂದು ತಿಳಿದುಕೊಳ್ಳುತ್ತಾರೆ. ಬೇಡ ಎಂದು ಎದ್ದು ನಿಂತರೆ ಜಾತಿದ್ರೋಹಿ, ಧರ್ಮದ್ರೋಹಿ, ಇನ್ನೇನೋ.

ನಿಮ್ಮ ಪರವಾಗಿ ಯಾರು ಏನು ಬರೆದು ಕಳಿಸುತ್ತಿದ್ದಾರೆ, ಎಂದಾದರೂ ಕೇಳಿದ್ದೀರಾ?