ಅತ್ತೆ ಟೈಪ್ ಮಾಡಿದ ಪತ್ರ

ಅಪ್ಪ ಮಗ್ಗ ನಡೆಸುತ್ತಿದ್ದ ಮಿಲ್ಲಿನಲ್ಲೇ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಟೈಪಿಸ್ಟ್. ಮದುವೆಯ ಗೊಡವೆಗೆ ಹೋಗದೆ ನಮ್ಮ ಜೊತೆಗೇ ಇದ್ದರು. ಇಪ್ಪತ್ತಾರು ವರ್ಷ ಒಂದೇ ಕುರ್ಚಿ. ಕುರ್ಚಿಯೇ ಇವರನ್ನು ಕಟ್ಟಿಕೊಂಡಿದೆ ಎಂದು ಅಮ್ಮ ಛೇಡಿಸುತ್ತಿದ್ದಳು.

ಮಿಲ್ಲು ಬಿಡುವವರಿಗೆ ಕೊಡುವ ಪತ್ರದಲ್ಲಿ ಎಲ್ಲ ಸಾಲುಗಳೂ ಒಂದೇ. ಕೆಲಸ ಹೇಗಿತ್ತು ಎನ್ನುವ ಒಂದು ಇಂಗ್ಲಿಷ್ ಪದ ಮಾತ್ರ ಬೇರೆ. ಅದನ್ನು ಮ್ಯಾನೇಜರ್ ಹೇಳುತ್ತಿದ್ದರು. ‘ಎಕ್ಸಲೆಂಟ್’ ಎಂದಿದ್ದರೆ ಬೇರೆ ಮಿಲ್ಲಿನವರು ಕಣ್ಣು ಮುಚ್ಚಿಕೊಂಡು ಸೇರಿಸಿಕೊಳ್ಳಬಹುದು. ‘ಗುಡ್’ ಎಂದರೆ, ಯಾರೂ ಸಿಗದಿದ್ದರೆ ಇವನಾದರೂ ಆದೀತು. ‘ಸ್ಯಾಟಿಸ್ಫ್ಯಾಕ್ಟರಿ’ ಎಂದರೆ ಗೇಟಿನೊಳಗೆ ಬಿಡಬೇಡಿ. ಮ್ಯಾನೇಜರುಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಳಒಪ್ಪಂದ ಅದು. ಟೈಪ್ ಮಾಡಿ ಮಾಡಿ ಅತ್ತೆಗೂ ಗೊತ್ತಾಗಿತ್ತು. ಪತ್ರ ಹಿಡಿದು ಹೋಗುವ ಪಾಪದವರಿಗೆ ಮೂರೂ ಹೊಗಳಿಕೆಯೇ.

ಮಗ್ಗದ ವಿಭಾಗ ಮುಚ್ಚಿದ ವಾರ ಅತ್ತೆ ನಲವತ್ತು ಪತ್ರ ಟೈಪ್ ಮಾಡಿದರು. ಹದಿನೇಳನೆಯದು ಅಪ್ಪನದು. ಹಿಂದೊಮ್ಮೆ ಪಕ್ಕದವನ ಕೈ ಮಗ್ಗಕ್ಕೆ ಸಿಕ್ಕಾಗ ಅಪ್ಪ ಯಾರ ಅಪ್ಪಣೆಗೂ ಕಾಯದೆ ಇಡೀ ಸಾಲಿನ ಕರೆಂಟು ಆರಿಸಿದ್ದರು. ಮ್ಯಾನೇಜರ್ ಅದನ್ನು ಮರೆತಿರಲಿಲ್ಲ. ತಲೆಯೆತ್ತದೆ ‘ಸ್ಯಾಟಿಸ್ಫ್ಯಾಕ್ಟರಿ’ ಎಂದರು. ಅತ್ತೆ ಹೇಳಿದಂತೆ ಟೈಪ್ ಮಾಡಿ, ಹದಿನೆಂಟನೆಯ ಹಾಳೆ ಏರಿಸಿದರು.

ಅಪ್ಪ ಮನೆಗೆ ಬಂದವರೇ ನನ್ನ ಶಾಲೆಯ ಡಿಕ್ಷನರಿ ತೆಗೆದರು.

“ನೋಡೇ, ತೃಪ್ತಿಕರ ಅಂತೆ!” ಎಂದು ಅಮ್ಮನನ್ನು ಕರೆದರು. “ಗುಡ್ ಅಂತ ಯಾರಿಗ್ ಬೇಕಾದ್ರೂ ಅಂತಾರೆ. ತೃಪ್ತಿ ಅನ್ನೋದು ಹೊಟ್ಟೆ ತುಂಬಿದ ಮೇಲೆ ಬರೋ ಮಾತು.”

ಅತ್ತೆ ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದರು.

ಒಂದು ವರ್ಷದಲ್ಲಿ ಅಪ್ಪ ಏಳು ಮಿಲ್ಲುಗಳಿಗೆ ಎಡತಾಕಿದರು. ಎಲ್ಲರೂ ಪತ್ರ ಓದಿ, ಹೇಳಿ ಕಳಿಸ್ತೀವಿ ಎಂದು ನಗುನಗುತ್ತಲೇ ಸಾಗಹಾಕಿದರು. ಅಮ್ಮ ಹೊಲಿಗೆ ಹಿಡಿದಳು. ಪತ್ರ ಮಡಿಸಿದ ಕಡೆಯೆಲ್ಲ ಹರಿದುಹೋಗಿತ್ತು.

“ಅಕ್ಕ, ಇದನ್ನೇ ಇನ್ನೊಂದು ಸಲ ಹೊಡೆದುಕೊಡು” ಎಂದರು ಅಪ್ಪ.

ಅತ್ತೆ ಪತ್ರ ಹೊಡೆದು, ಸಹಿಗೆ ಕಾದ ಕಾಗದಗಳ ರಾಶಿಯೊಳಗೆ ತೂರಿಸಿ, ಮ್ಯಾನೇಜರ್ ಓದದೆ ಸಹಿ ಹಾಕುವಂತೆ ಮಾಡಿ, ಮರುದಿನ ಹೊಸ ಪತ್ರ ತಂದರು. ಅದರಲ್ಲಿ ‘ಎಕ್ಸಲೆಂಟ್’ ಎಂದಿತ್ತು.

“ಇದು ಸಾಹೇಬರ ಮಾತಲ್ಲ.”

“ಅದಕ್ಕಿಂತ ಚೆನ್ನಾಗಿದೆ ಕಣೋ. ಸುಮ್ನೆ ತಗೊಂಡ್ಹೋಗು.”

“ತಮ್ಮ ಅಂತ ನೀನೇ ಸೇರಿಸಿರೋ ಮಾತಿದು. ಹದಿನೆಂಟು ವರ್ಷ ದುಡಿದಿದ್ದಕ್ಕೆ ನಂಗೆ ಸಿಕ್ಕಿರೋದು ಆ ಒಂದೇ ಮಾತು ಅಕ್ಕ. ನಂಗೆ ಅದೇ ಸಾಕು.” ಅಪ್ಪ ಹೊಸ ಪತ್ರವನ್ನು ಹರಿದೇ ಬಿಟ್ಟರು.

ಅತ್ತೆ ಬಾಯಿ ತೆರೆದರು. ನಿಜ ಹೇಳಿದ್ದರೆ ಅಪ್ಪನಿಗೆ ಕೆಲಸ ಸಿಗುತ್ತಿತ್ತೋ ಏನೋ. ಆದರೆ ಸಾಹೇಬರು ತನ್ನನ್ನು ಯಾವ ಲೆಕ್ಕಕ್ಕೆ ಇಟ್ಟಿದ್ದರು, ಅರ್ಥ ಗೊತ್ತಿದ್ದೂ ಅದನ್ನು ಟೈಪ್ ಮಾಡಿದ ಕೈ ಯಾರದು ಎನ್ನುವುದೂ ಅಪ್ಪನಿಗೆ ತಿಳಿಯುತ್ತಿತ್ತು.

“ಆಯ್ತು, ನಾಳೆ ತರ್ತೀನಿ” ಎಂದರು.

ಅಪ್ಪ ಕೊನೆಯವರೆಗೂ ಒಂದು ಗೋದಾಮಿನ ಕಾವಲು ಕಾದರು. ಅವರು ತೀರಿಕೊಂಡ ಮೇಲೆ ಅತ್ತೆ ಇದಿಷ್ಟನ್ನೂ ನನಗೆ ಹೇಳಿದರು. ಹೇಳುವಾಗ ಕಣ್ಣು ಒಣಗಿಯೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಎರಡನೇ ಸಲ ಅದೇ ಪದ ಹೊಡೆಯುವಾಗಲೂ ನಿಮಗೆ ಏನೂ ಅನ್ನಿಸಲಿಲ್ವಾ ಅತ್ತೆ?”

“ಇಲ್ಲ ಕಣೇ” ಎಂದರು. “ಒಂದಕ್ಷರವೂ ತಪ್ಪಲಿಲ್ಲ.”