ಚೀಟಿ ಕಿತ್ತ ಚಿಪ್

ಹರಿಹರದ ಗ್ಯಾರೇಜ್ ಮೇಸ್ತ್ರಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ‘ಕ್ಷಮಿಸಿಬಿಡೇ, ಮನಸ್ಸಿಗೆ ನೆಮ್ಮದಿ ಆಗ್ತದೆ’ ಎಂದು ನಮ್ಮಕ್ಕ ಆಗಾಗ ಬುದ್ಧಿ ಹೇಳುತ್ತಾಳೆ. ಕ್ಷಮಿಸದೆಯೇ ನನಗೆ ಬೇಕಾದಷ್ಟು ನೆಮ್ಮದಿ ಸಿಕ್ಕಿದೆ, ಅದನ್ನು ಅವಳಿಗೆ ಹೇಳಿಲ್ಲ ಅಷ್ಟೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಕೆಳಗೆ ನನ್ನದೊಂದು ರಿಪೇರಿ ಅಂಗಡಿ. ಟಿವಿ, ಯುಪಿಎಸ್, ಮಿಲ್ಲಿನ ಯಂತ್ರಗಳ ಬೋರ್ಡು, ಈಚೆಗೆ ಕಾರುಗಳ ಕಂಪ್ಯೂಟರು, ಏನು ಕೆಟ್ಟರೂ ತರುತ್ತಾರೆ. ತಂದವರಲ್ಲಿ ಅರ್ಧ ಜನ ‘ಯಜಮಾನ್ರು ಇಲ್ಲೇನಮ್ಮ?’ ಎಂದು ನನ್ನ ಬೆನ್ನ ಹಿಂದೆ ಇಣುಕುತ್ತಾರೆ. ಬೆಸುಗೆ ಕಡ್ಡಿ ನನ್ನ ಕೈಯಲ್ಲೇ ಹೊಗೆಯಾಡುತ್ತಿದ್ದರೂ ಸರಿ, ಇಣುಕುವುದು ಇಣುಕುವುದೇ. ಅದಕ್ಕೇ ನಾನು ಮಾಡಿದ ಕೆಲಸದ ಮೇಲೆಲ್ಲ ನನ್ನ ಹೆಸರು ಬರೆದ ಬೆಳ್ಳಿ ಬಣ್ಣದ ಚೀಟಿ ಅಂಟಿಸುತ್ತೇನೆ. ಹಟ ಅನ್ನಿ, ಜಂಬ ಅನ್ನಿ, ನನಗೇನೂ ಬೇಜಾರಿಲ್ಲ.

ಮೇಸ್ತ್ರಿ ನನ್ನ ಹತ್ತಿರ ಬಂದದ್ದು ಕುಕ್ಕುವಾಡದ ಗೌಡರ ಕಾರಿನ ಸಲುವಾಗಿ. ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಗೌಡರಿಗೆ ಅದರ ಮೇಲೆ ಎಂಥ ಹುಚ್ಚೆಂದರೆ, ಸೈಲೆನ್ಸರಿನಿಂದ ಹಿಡಿದು ಎಂಜಿನ್ನಿನ ಒಳಗೆ ವಾಲ್ವು ತೆರೆಯುವ ಕ್ಯಾಮಿನ ತನಕ ಎಲ್ಲ ಬದಲಾಯಿಸಿ ಓಟದ ಕಾರು ಮಾಡಲು ಹೊರಟಿದ್ದರು. ಎಲ್ಲ ಹಾಕಿದ ಮೇಲೆ ಕಾರು ಮೊದಲಿಗಿಂತ ಕೆಟ್ಟದಾಗಿ ಓಡತೊಡಗಿತು. ಆಗುವುದೇ ಹಾಗೆ. ಎಷ್ಟು ಪೆಟ್ರೋಲ್ ಸುರಿಯಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬ ಲೆಕ್ಕವೆಲ್ಲ ಕಾರಿನ ಕಂಪ್ಯೂಟರಿನಲ್ಲಿ ಒಂದು ಚಿಪ್ಪಿನೊಳಗಿರುತ್ತದೆ. ಎಂಜಿನ್ ಬದಲಾದರೂ ಚಿಪ್ ಮಾತ್ರ ಹಳೇ ಲೆಕ್ಕವನ್ನೇ ಒಪ್ಪಿಸುತ್ತಿತ್ತು.

ಹೊಸ ಲೆಕ್ಕ ಬರೆದವಳು ನಾನು. ಎರಡು ತಿಂಗಳು, ಭಾನುವಾರವೂ ಬಿಡದೆ, ದಾವಣಗೆರೆ–ಹರಿಹರ ರಸ್ತೆಯಲ್ಲಿ ಮೇಸ್ತ್ರಿ ಕಾರು ಓಡಿಸುವುದು, ಪಕ್ಕದಲ್ಲಿ ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು. ಎಲ್ಲಿ ಎಂಜಿನ್ ಬಡಿದುಕೊಳ್ಳುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಎಂದು ಗುರುತು ಹಾಕಿಕೊಂಡು ಅಂಗಡಿಗೆ ಬಂದು ಹೊಸದಾಗಿ ಬರೆಯುತ್ತಿದ್ದೆ. ಕೊನೆಗೊಂದು ದಿನ ಕಾರು ಎಲ್ಲಿಯೂ ಮುಗ್ಗರಿಸದೆ ಒಂದೇ ಉಸಿರಿಗೆ ಹೋಯಿತು. ಮೇಸ್ತ್ರಿ ಸ್ಟೇರಿಂಗಿಗೆ ಹೊಡೆದು ‘ಭಲೇ ತಂಗೀ!’ ಎಂದು ಕೂಗಿದ. ಆಗ ಒಳ್ಳೆಯವನೇ ಇದ್ದ.

ಆ ಹಳೇ ಕಾಲದ ಚಿಪ್ಪಿನ ಬೆನ್ನ ಮೇಲೆ ಒಂದು ಪುಟ್ಟ ದುಂಡನೆಯ ಗಾಜಿನ ಕಿಟಕಿ ಇರುತ್ತದೆ. ಒಳಗೆ ಬರೆದದ್ದನ್ನು ಅಳಿಸಬೇಕಾದರೆ ಆ ಕಿಟಕಿಗೆ ಒಂದು ವಿಶೇಷ ದೀಪ ಹಿಡಿಯುತ್ತೇವೆ. ಬಿಸಿಲಿನಲ್ಲೂ ಅದೇ ಗುಣವಿದೆ, ನಿಧಾನ ಅಷ್ಟೆ. ಕಿಟಕಿ ತೆರೆದಿಟ್ಟು ಬಿಸಿಲಿಗೆ ಹಾಕಿದರೆ ವಾರ, ಹತ್ತು ದಿನಕ್ಕೆ ಚಿಪ್ ಬರಿದಾಗುತ್ತದೆ. ಹಾಗಾಗಿ ಬರೆದ ಕೂಡಲೇ ಕಿಟಕಿಯ ಮೇಲೆ ಏನಾದರೂ ಅಂಟಿಸಲೇಬೇಕು. ನಾನು ನನ್ನ ಹೆಸರನ್ನೇ ಅಂಟಿಸಿ ಕೊಟ್ಟಿದ್ದೆ.

ಆಯುಧ ಪೂಜೆಯ ಹೊತ್ತಿಗೆ ಗೌಡರ ಕಾರು ಬಣ್ಣಕ್ಕೆಂದು ಆವರಗೆರೆಯ ಶೆಡ್ಡಿನಲ್ಲಿ ನಿಂತಿತ್ತು. ಪೂಜೆಗೆ ಬಾ ಎಂದು ಮೇಸ್ತ್ರಿ ಫೋನ್ ಮಾಡಿದ್ದರಿಂದ ಹರಿಹರಕ್ಕೆ ಹೋದೆ. ಗ್ಯಾರೇಜಿನ ಮುಂದೆ ಬಯಲಿನಲ್ಲಿ ಕಬ್ಬಿಣದ ಟೇಬಲ್ ಹಾಕಿ ಸ್ಪ್ಯಾನರು, ಜಾಕುಗಳಿಗೆಲ್ಲ ವಿಭೂತಿ ಹಚ್ಚಿ ಜೋಡಿಸಿದ್ದ. ಎಲ್ಲದರ ನಡುವೆ, ತಟ್ಟೆಯಲ್ಲಿ, ನನ್ನ ಚಿಪ್. ಪೂಜೆಗೆಂದು ಕಾರಿನಿಂದ ಬಿಚ್ಚಿ ತಂದಿದ್ದ. ಮೇಲೆ ನನ್ನ ಚೀಟಿ ಇರಲಿಲ್ಲ.

‘ಒಳಗೆ ಚಿನ್ನದ ಎಳೆ ಹೊಳೀತೈತೆ ನೋಡ್ರಿ, ಬಗ್ಗಿ ನೋಡ್ರಿ’ ಎಂದು ಸುತ್ತ ನಿಂತವರಿಗೆ ತೋರಿಸುತ್ತಿದ್ದ. ‘ಗೌಡ್ರ ಕಾರು ಹಂಗೆ ಹಾರ್ತೈತಲ್ಲ, ಎಲ್ಲ ಇದರದ್ದೇ ಮಹಿಮೆ. ನಂದೇ ಕೈ ಕೆಲ್ಸ.’

ಅಯ್ಯೋ, ಕಿಟಕಿ ಮುಚ್ಚು ಮಾರಾಯ ಎನ್ನಲು ನಾನು ಬಾಯಿ ತೆರೆದಿದ್ದೆ. ಆಣೆಗೂ ತೆರೆದಿದ್ದೆ. ಅಷ್ಟರಲ್ಲಿ ಯಾರೋ ನನ್ನ ಕಡೆ ಕೈ ಮಾಡಿ ‘ಇವರು?’ ಎಂದರು.

‘ನಮ್ಮ ತಂಗಿ ಇದ್ದಂಗೆ. ದಾವಣಗೇರ್ಯಾಗೆ ಟಿವಿ ರಿಪೇರಿ ಮಾಡ್ತಾಳೆ’ ಎಂದ ಮೇಸ್ತ್ರಿ, ಹಲ್ಲು ಬಿಟ್ಟು.

ಮೈಯೆಲ್ಲ ಉರಿದುಹೋಯಿತು. ಕಿತ್ತು ಎಸೆದ ಚೀಟಿ ಅಲ್ಲೇ ನೆಲದ ಮೇಲೆ, ಅವನ ಚಪ್ಪಲಿಯ ಹತ್ತಿರ ಬಿದ್ದಿತ್ತು. ಅವನು ಕೊಟ್ಟ ಪೂಜೆಯ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ಹೇಳಬೇಕೆಂದಿದ್ದ ಮಾತನ್ನೂ ಅದರ ಜೊತೆಗೇ ನುಂಗಿದೆ. ಇರು ಮಗನೇ, ನಿನಗೆ ಬಿಸಿಲೇ ಬುದ್ಧಿ ಕಲಿಸಲಿ ಎಂದುಕೊಂಡೆ.

ಮುಂದೆ ನಾನು ಮಾಡಿದ್ದು ಇನ್ನೂ ಹೊಲಸು ಕೆಲಸ. ನಾಲ್ಕು ದಿನ ಬಿಟ್ಟು, ಮಲ್ಟಿಮೀಟರ್ ಅಲ್ಲೇ ಮರೆತು ಬಂದಿದ್ದೆ ಎಂಬ ನೆಪ ಮಾಡಿಕೊಂಡು ಮತ್ತೆ ಹೋದೆ. ಬಂದವರಿಗೆಲ್ಲ ತೋರಿಸುವ ಚಪಲ, ಅವನು ತಟ್ಟೆಯನ್ನು ತೆಗೆದಿರಲಿಲ್ಲ. ಒಣಗಿದ ಸೇವಂತಿಗೆಯೊಂದು ಚಿಪ್ಪಿನ ಕಿಟಕಿಯ ಮೇಲೆಯೇ ಬಿದ್ದಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಗಾಜಿನ ಮೇಲಿದ್ದ ಧೂಳನ್ನು ಸೆರಗಿನ ತುದಿಯಿಂದ ಒರೆಸಿದೆ. ಮಳೆಗಾಲ ಮುಗಿದ ಮೇಲಿನ ಚುರುಚುರು ಬಿಸಿಲು ನೇರ ಬೀಳುತ್ತಿತ್ತು. ‘ಎಷ್ಟು ಕಾಳಜಿ ನೋಡು ತಂಗಿಗೆ!’ ಎಂದು ಮೇಸ್ತ್ರಿ ಚಹಾ ತರಿಸಿದ. ಕುಡಿದೆ, ಚೆನ್ನಾಗಿತ್ತು.

ಎರಡು ವಾರದ ನಂತರ ಒಂದು ಮಧ್ಯಾಹ್ನ ಗೌಡರು ಮೇಸ್ತ್ರಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಬಣ್ಣ ಮುಗಿದು ಚಿಪ್ ಹಾಕಿದರೆ ಕಾರು ಸ್ಟಾರ್ಟೇ ಆಗಿರಲಿಲ್ಲ. ಚಿಪ್ ಮೇಸ್ತ್ರಿಯ ಮುಷ್ಟಿಯಲ್ಲಿತ್ತು. ನಾನು ಅದನ್ನು ಓದುವ ಯಂತ್ರಕ್ಕೆ ಸಿಕ್ಕಿಸಿ ಪರದೆಯನ್ನು ಗೌಡರ ಕಡೆ ತಿರುಗಿಸಿದೆ. ಮೇಲಿಂದ ಕೆಳಗಿನ ತನಕ ಒಂದೇ ಅಕ್ಷರ. ‘ಖಾಲಿ ಐತ್ರಿ’ ಎಂದೆ.

‘ಮೇಸ್ತ್ರಿ ಇನ್ನೊಂದು ಮಾಡಿಕೊಡ್ತಾನಂತೆ. ಬರಿಯೋ ಮಷೀನು ನಿಮ್ಮತ್ರ ಐತಂತಲ್ಲ?’ ಎಂದರು ಗೌಡರು, ಪಾಪ, ನಂಬಿಕೆಯಿಂದ.

ಇನ್ನೂ ಸುಳ್ಳು! ನಾನು ಎದ್ದು ನನ್ನ ಕುರ್ಚಿಯನ್ನು ಅವನ ಕಡೆಗೆ ಎಳೆದೆ. ‘ಮಷೀನು ಐತ್ರಿ. ಬರ್ರಿ ಅಣ್ಣಾರೆ, ಕೂಡ್ರಿ. ನೀವೇ ಬರೀರಿ.’

ಕೂತ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಾ ಕೂತ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ನಾನು ಫ್ಯಾನ್ ಹಾಕಲಿಲ್ಲ. ಗೌಡರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು.

‘ನನಗೆ ಬರಂಗಿಲ್ರಿ ಗೌಡ್ರೇ’ ಎಂದ ಕೊನೆಗೆ, ನೆಲ ನೋಡುತ್ತಾ. ‘ತಂಗೀನೇ ಮಾಡಿದ್ದು.’

‘ಕೇಳಿಸ್ಲಿಲ್ಲ’ ಎಂದೆ ನಾನು.

‘ತಂಗೀನೇ ಮಾಡಿದ್ದು!’ ಎಂದು ಜೋರಾಗಿ ಹೇಳಿದ. ಮೆಟ್ಟಿಲ ಮೇಲೆ ಹಲ್ಲಿನ ಡಾಕ್ಟರಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ನನ್ನ ಹೊಟ್ಟೆ ತಣ್ಣಗಾಯಿತು.

ಲೆಕ್ಕದ ಫೈಲು ನನ್ನಲ್ಲಿ ಇದ್ದೇ ಇತ್ತು. ಕಾಲು ಗಂಟೆಯೊಳಗೆ ಹೊಸ ಚಿಪ್ ಬರೆದು, ಚೀಟಿ ಅಂಟಿಸಿ, ಗೌಡರ ಕೈಗೇ ಕೊಟ್ಟೆ. ಸಂಜೆಗೆ ಕಾರು ಓಡಿತಂತೆ. ಅಂದಿನಿಂದ ಗೌಡರು ಯಾವ ಕೆಲಸವಿದ್ದರೂ ಸೀದಾ ನನಗೇ ಫೋನ್ ಮಾಡುತ್ತಾರೆ.

ಇಷ್ಟಕ್ಕೇ ನಾನು ಸುಮ್ಮನಾಗಬಹುದಿತ್ತು. ವಾರ ಕಳೆದು ಮೇಸ್ತ್ರಿ ಒಬ್ಬನೇ ಬಂದ. ಹೊಸಿಲ ಹೊರಗೇ ಚಪ್ಪಲಿ ಬಿಟ್ಟ, ಯಾವತ್ತೂ ಬಿಡದವನು. ಮುಖ ಇಳಿದುಹೋಗಿತ್ತು.

‘ತಂಗೆಮ್ಮಾ, ಅದು ಯಾಕ ಖಾಲಿ ಆತು? ಬೀಳಿಸ್ಲಿಲ್ಲ, ನೀರು ತಾಗಿಸ್ಲಿಲ್ಲ, ದೇವರ ಮುಂದೆ ಇಟ್ಟಿದ್ದೆ. ನಮ್ಮನೇಕಿ ಅಂತಾಳೆ, ನಿಮ್ಮ ಹೆಸ್ರು ಕಿತ್ತಿದ್ದಕ್ಕೇ ಹಿಂಗಾತು ಅಂತ. ನನಗೆ ಊಟ ಸೇರವಲ್ದು. ಹೌದೇನ್ರಿ?’

ಅವನ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಬಿಸಿಲು, ಗಾಜು ಎಂದು ಎರಡು ಮಾತಿನಲ್ಲಿ ಬಿಡಿಸಿ ಹೇಳಿದ್ದರೆ ಅವನು ನಿರಾಳವಾಗಿ ಮನೆಗೆ ಹೋಗಿ ಉಣ್ಣುತ್ತಿದ್ದ.

‘ಹೌದು ಅಣ್ಣಾರೆ’ ಎಂದೆ. ‘ಅದಕ್ಕೇ.’

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು, ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.