ಕೊಲೆಯಲ್ಲ, ಕೊಲ್ಯೂಷನ್ನು

ಚೌಡಪ್ಪ ಕೂತು ಉಂಡಿದ್ದನ್ನ ನಾನು ನೋಡಿಲ್ಲ. ಮುದ್ದೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಬೀದೀಲಿ ಯಾವ ಲಾರಿ ಹೋಯ್ತು ಅಂತ ಕತ್ತು ಉದ್ದ ಮಾಡ್ತಾ ನುಂಗೋನು. ಕಡಲೆಕಾಯಿ ಲಾರಿ ಡ್ರೈವರು. ನಿದ್ದೇಲೂ "ಪೋದಾಂ, ಪೋದಾಂ", ಹೋಗಣ ಹೋಗಣ ಅಂತ ತೆಲುಗಲ್ಲಿ ಗೊಣಗೋನು. ನನ್ನ ಗಂಡ ಅವನು.

ಕೆಟ್ಟವನಲ್ಲ. ಕೈ ಎತ್ತಿದವನಲ್ಲ. ಕುಡಿದರೆ ಹಾಡೋನು, ಅದೂ ಕೆಟ್ಟದಾಗಿ. ಆದರೆ ಚಿಂತಾಮಣಿಯ ಬಾಡಿಗೆ ಕೋಣೇಲಿ ಅವನಿಗೆ ಉಸಿರು ಕಟ್ಟೋದು. ಹೋದರೆ ಯಾವಾಗ ಬರ್ತಾನೋ ಗೊತ್ತಿಲ್ಲ. ಕಾದು ಕಾದು ನನಗೆ ತಲೆ ಕೆಟ್ಟಿತ್ತು. ಆಗಿನ ಕಾಲಕ್ಕೆ ಹೊಸದು, ಮದುವೆ ಬಿಡಿಸೋ ಕಾನೂನು ಬಂದಿದೆ ಅಂತ ಯಾರ ಹತ್ತಿರವೋ ಕೇಳ್ಕೊಂಡು ಬಂದ. "ನಾನು ಸಂಸಾರಕ್ಕೆ ಆಗೋ ಆಳಲ್ಲ ಕಣೇ. ಬಿಟ್ಟುಬಿಡಣ" ಅಂದ. ಹೂಂ ಅಂದೆ. ನಾವಿಬ್ಬರೂ ಒಪ್ಪಿದ ಮೊದಲನೇ ಮಾತು ಅದು.

ಕಷ್ಟ ಇದ್ದದ್ದು ಮೇಲೂರಲ್ಲಿ, ನನ್ನಣ್ಣನ ಹತ್ತಿರ. "ಗಂಡ ಓಡಿಸಿದರೆ ಬಾ, ಅನ್ನ ಹಾಕ್ತೀನಿ. ನೀನಾಗಿ ಬಿಟ್ಟು ಬಂದರೆ ಹೊಸಲು ತುಳೀಬೇಡ" ಅಂದಿದ್ದ. ನನಗೆ ಬೇರೆ ಜಾಗ ಇರಲಿಲ್ಲ. ಅದಕ್ಕೇ, ತಪ್ಪೆಲ್ಲ ಗಂಡಂದು ಅನ್ನೋ ಕೋರ್ಟಿನ ತೀರ್ಪು ಬೇಕಿತ್ತು.

ಕೋಲಾರದ ವಕೀಲರು ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ನೋಡಿ ಬೆಚ್ಚಿದರು. "ಜೊತೇಲಿ ಬಂದ್ರಾ? ಕೊಲ್ಯೂಷನ್ ಆಗುತ್ತೆ!"

"ಕೊಲೇನಾ? ನಾವ್ಯಾರನ್ನ ಕೊಂದ್ವಿ ಸ್ವಾಮಿ?"

"ಕೊಲೆ ಅಲ್ಲಮ್ಮ, ಕೊಲ್ಯೂಷನ್. ಹೊರಗೆ ಜಗಳ, ಒಳಗೆ ಒಪ್ಪಂದ. ಇಬ್ಬರೂ ಸೇರಿ ಕೋರ್ಟಿನ ಕಣ್ಣಿಗೆ ಮಣ್ಣೆರಚೋದು. ಗೊತ್ತಾದರೆ ಕೇಸು ವಜಾ."

"ಒಪ್ಕೊಂಡು ಬಿಟ್ರೆ ತಪ್ಪು, ಹೊಡೆದಾಡ್ಕೊಂಡು ಬಿಟ್ರೆ ಸರೀನಾ?"

"ಕಾನೂನು ಹಂಗೇ ಇದೆ. ಹೊಡೀತಾನೆ ಅನ್ನು."

ಹಾಗೇ ಅಂದೆ. ಕಟಕಟೇಲಿ ನಿಂತು, ಹೊಡೀತಾನೆ, ಕೂದಲು ಹಿಡಿದು ಎಳೀತಾನೆ ಅಂತ ಹೇಳ್ತಾ ಹೇಳ್ತಾ ಗಂಟಲು ಒಣಗಿ ಕೆಮ್ಮು ಹತ್ತಿತು. ಅಷ್ಟೊತ್ತೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣೀತಿದ್ದ ಚೌಡಪ್ಪ ಹೊರಗೆ ಓಡಿ, ಚೊಂಬಲ್ಲಿ ನೀರು ತಂದು ನನ್ನ ಕೈಗಿಟ್ಟ. "ನಿಧಾನಕ್ಕೆ ಕುಡಿಯೇ" ಅಂದ.

ಕೋರ್ಟೆಲ್ಲ ನಕ್ಕಿತು. ಜಡ್ಜರು ಕನ್ನಡಕ ತೆಗೆದು, "ಇವನೇ ಏನಮ್ಮ ಹೊಡಿಯೋನು?" ಅಂದರು. ವಕೀಲರು ಹಣೆ ಹಿಡ್ಕೊಂಡರು. ಕೇಸು ಬಿದ್ದುಹೋಯ್ತು.

"ನಿನ್ನ ತಲೆಗಿಷ್ಟು ಬೆಂಕಿ ಹಾಕ" ಅಂತ ಹೊರಗೆ ಬಂದು ಬೈದೆ.

"ಕೆಮ್ಮಿದ್ಯಲ್ಲ" ಅಂದ. ಅಷ್ಟೇ.

ಗಂಡ ಓಡಿಸಿದ ಅಂತಲೇ ಹೇಳಿ ಅಣ್ಣನ ಮನೆ ಸೇರಿದೆ. ನೀರು ಕೊಟ್ಟ ಸುದ್ದಿ ಅಲ್ಲಿಗೂ ತಲುಪಿತ್ತು, ಅಣ್ಣ ನಂಬಲಿಲ್ಲ. "ರೇಷ್ಮೆ ಗೂಡು ಮಾರೋಕೆ ಶಿಡ್ಲಘಟ್ಟಕ್ಕೆ ಹೋಗ್ತೀನಿ. ನೀನೂ ಬಾ, ಅಲ್ಲಿಂದ ಚಿಂತಾಮಣಿ ಬಸ್ಸು ಹತ್ತಿಸ್ತೀನಿ" ಅಂದ.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮೂಟೆ ಇಳಿಸೋ ಹೊತ್ತಿಗೆ, ಎದುರಿಗೆ ಲಾರಿ ನಿಲ್ಲಿಸಿ ಚೌಡಪ್ಪ ಟೀ ಕುಡೀತಿದ್ದ. ನನ್ನ ನೋಡಿದ. ಅಣ್ಣನ ಮುಖ ನೋಡಿದ. ನನ್ನ ಕಂಕುಳಲ್ಲಿದ್ದ ಬಟ್ಟೆ ಗಂಟು ನೋಡಿದ. ಲೋಟ ಕುಕ್ಕಿ, ಕೈ ಎತ್ತಿಕೊಂಡು ನುಗ್ಗಿದ.

"ಮತ್ತೆ ಬರ್ತಾಳಾ ಇವಳು? ಒಂದ್ಸಲ ಓಡಿಸಿದ್ದು ಸಾಲದಾ? ನನ್ನ ಮನೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ!"

ನಾಲ್ಕು ಜನ ಹಿಡ್ಕೊಂಡರು. ಕೋರ್ಟಲ್ಲಿ ಬಾರದ ಸಿಟ್ಟು ಬೀದೀಲಿ ಬಂತು ನೋಡಿ ಅವನಿಗೆ.

ನಗು ತಡೆಯೋಕಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಮೈಯೆಲ್ಲ ಅಲ್ಲಾಡ್ತಿತ್ತು. ಅಣ್ಣ ಹೆಗಲ ಮೇಲೆ ಕೈಯಿಟ್ಟ. "ಅಳಬೇಡ ಕಣಮ್ಮ. ಇಂಥ ಕಟುಕನ ಹತ್ರ ಯಾರು ಕಳಿಸ್ತಾರೆ? ಮನೆಗೆ ನಡಿ."

ಹಿಂದೆ ಲಾರಿ ಹೊರಟ ಸದ್ದು ಕೇಳಿತು. ಅಣ್ಣ ಪಕ್ಕದಲ್ಲೇ ಇದ್ದ, ತಿರುಗಿ ನೋಡೋ ಹಾಗಿರಲಿಲ್ಲ. ಆಮೇಲೆ ಚೌಡಪ್ಪ ನನ್ನ ಕಣ್ಣಿಗೆ ಬೀಳಲಿಲ್ಲ.